ಊರಿಂದ ಅಪ್ಪ ಅಮ್ಮ ಬಂದಿದ್ದಾರೆ: ಹಡಗು ಹತ್ತಿಸೋದಾ, ಒರ್ಲ್ಯಾಂಡೋಗೆ ಕರೆದುಕೊಂಡು ಹೋಗೋದಾ?

ಕೇಳಿದವರು, ಷಾರ್ಲಟ್‌ನಿಂದ

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮ ಮೊದಲ ಸಲ ಅಮೆರಿಕಕ್ಕೆ ಬಂದಿದ್ದಾರೆ. ಸಾಗರದ ಹತ್ತಿರದ ಹಳ್ಳಿ ನಮ್ಮದು, ಅಡಿಕೆ ತೋಟ ಇದೆ. ಅಪ್ಪನಿಗೆ 69, ಸಕ್ಕರೆ ಕಾಯಿಲೆ. ಅಮ್ಮನಿಗೆ 64, ಮಂಡಿನೋವು. ಅರ್ಧ ಗಂಟೆ ನಡೆದರೆ ಕೂರಲೇಬೇಕು. ಮಗಳಿಗೆ 7 ವರ್ಷ, ಮಗನಿಗೆ ಎರಡೂವರೆ. ಎಲ್ಲರೂ ಸಸ್ಯಾಹಾರಿಗಳು, ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ಡಿಸೆಂಬರ್‌ನಲ್ಲಿ ಐದು ದಿನ ರಜೆ ಹಾಕಬಹುದು. ಮಗಳಿಗೆ ಒರ್ಲ್ಯಾಂಡೋದ ಡಿಸ್ನಿ ವರ್ಲ್ಡ್ ನೋಡಬೇಕು. ನಮ್ಮೆಜಮಾನರು ಬಹಾಮಾಸ್ ಕಡೆ ಹೋಗುವ ನಾಲ್ಕು ರಾತ್ರಿಯ ಕ್ರೂಸ್ ಮಾಡೋಣ ಅಂತಾರೆ. ಅಪ್ಪ ಅಮ್ಮನನ್ನು ಕೇಳಿದರೆ "ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ" ಅನ್ನುತ್ತಾರೆ. ಅವರು ಯಾವತ್ತೂ ಅಷ್ಟೇ ಹೇಳೋದು. ಈ ಸಲವಾದರೂ ಅವರಿಗೆ ಅನುಕೂಲ ಆಗುವಂಥದ್ದನ್ನು ಮಾಡಬೇಕು ಅಂತ ನನ್ನಾಸೆ. ಊರಿನ ಹಿರಿಯರ ಜೊತೆ ಇವೆರಡರಲ್ಲಿ ಯಾವುದನ್ನಾದರೂ ಮಾಡಿದವರು ಹೇಗಾಯ್ತು ಅಂತ ಹೇಳ್ತೀರಾ?

ಟ್ಯಾಂಪಾದಿಂದ

ನನ್ನ ಓಟು ಹಡಗಿಗೆ. ಹೋದ ವರ್ಷ ಅತ್ತೆ ಮಾವನ ಜೊತೆ ಫ್ಲೋರಿಡಾದ ಪೋರ್ಟ್ ಕನಾವೆರಲ್‌ನಿಂದ ಹೊರಟು ನಾಲ್ಕು ರಾತ್ರಿ ಹೋಗಿ ಬಂದೆವು.

ಹಿರಿಯರಿಗೆ ಪ್ರವಾಸದಲ್ಲಿ ಸುಸ್ತಾಗುವುದು ಊರು ನೋಡುವುದರಿಂದಲ್ಲ. ಪದೇ ಪದೇ ಬ್ಯಾಗ್ ಕಟ್ಟುವುದು, ಕಾರು ಹತ್ತಿ ಇಳಿಯುವುದು, ಊಟಕ್ಕೆ ಎಲ್ಲಿ ಅಂತ ಹುಡುಕುವುದು, ಇವುಗಳಿಂದ. ಹಡಗಿನಲ್ಲಿ ಅದೇನೂ ಇಲ್ಲ. ಮೊದಲ ದಿನ ಬಟ್ಟೆ ಬೀರುವಿನಲ್ಲಿಟ್ಟರೆ ಕೊನೆಯ ದಿನ ತೆಗೆದರಾಯಿತು. ಎಲ್ಲ ಮಹಡಿಗೂ ಲಿಫ್ಟ್. ಮಕ್ಕಳು ಆಟಕ್ಕೆ ಹೋಗಿ ಬರುತ್ತಿದ್ದರೆ ಇವರು ಡೆಕ್ ಮೇಲೆ ನೆರಳಿನಲ್ಲಿ ಕೂತಿರಬಹುದು. ಬೇಜಾರಾದರೆ ರೂಮು ಎರಡು ನಿಮಿಷದ ದಾರಿ. ಮಾವ ದಿನಾ ಬೆಳಿಗ್ಗೆ ಒಬ್ಬರೇ ಮೇಲಿನ ಡೆಕ್‌ಗೆ ಹೋಗಿ ಸಮುದ್ರದಿಂದ ಸೂರ್ಯ ಏಳುವುದನ್ನು ನೋಡಿ ಬರುತ್ತಿದ್ದರು. ಊರಿಗೆ ಹೋದಮೇಲೂ ಎಲ್ಲರ ಹತ್ತಿರ ಅದೊಂದನ್ನೇ ಹೇಳಿದ್ದಾರೆ.

ಊಟದ ವಿಷಯ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಅಲ್ಲಿ ನಾವು ಎಡವಿದೆವು. ಎಲೆಕ್ಟ್ರಿಕ್ ಕುಕ್ಕರ್ ತಗೊಂಡು ಹೋಗಿದ್ದೆ, ಬಂದರಿನ ತಪಾಸಣೆಯಲ್ಲೇ ತೆಗೆದಿಟ್ಟುಕೊಂಡರು. ಕೆಟಲ್, ಇಂಡಕ್ಷನ್ ಒಲೆ, ಬಿಸಿಯಾಗುವ ಯಾವುದನ್ನೂ ಬಿಡುವುದಿಲ್ಲ, ಬೆಂಕಿಯ ಭಯ. ಮನೆಯಲ್ಲಿ ಮಾಡಿದ ಅಡುಗೆಯೂ ಇಲ್ಲ. ಸೀಲ್ ಆಗಿರುವ ಪ್ಯಾಕೆಟ್ ತಿಂಡಿ ಸಾಮಾನ್ಯವಾಗಿ ನಡೆಯುತ್ತದೆ. ಮೊದಲ ರಾತ್ರಿ ಅತ್ತೆ ಬ್ರೆಡ್ಡು, ಹಣ್ಣು ತಿಂದು ಮಲಗಿದರು, ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನ ಊಟದ ಹಾಲಿನ ಹೆಡ್ ವೇಟರ್ ಹತ್ತಿರ ಹೋಗಿ ಮೊಟ್ಟೆಯಿಲ್ಲದ ಇಂಡಿಯನ್ ವೆಜಿಟೇರಿಯನ್ ಬೇಕು ಅಂತ ಕೇಳಿದೆ. ಆ ರಾತ್ರಿಯಿಂದ ಅನ್ನ, ದಾಲ್, ಪಲ್ಯ, ರೊಟ್ಟಿ ಎಲ್ಲಾ ಬಂತು. ಬೆಳಗಿನ ಬಫೆಯಲ್ಲಿ ಸಪ್ಪೆ ಮೊಸರು ಸಿಗುತ್ತದೆ. ನೀವು ಹೋಗುವುದಾದರೆ ಬುಕ್ ಮಾಡುವಾಗಲೇ ಹೇಳಿಬಿಡಿ, ಹತ್ತಿದ ಮೊದಲ ಗಂಟೆಯಲ್ಲೇ ಇನ್ನೊಂದು ಸಲ ನೆನಪಿಸಿ.

ದುಡ್ಡಿನ ಮಾತು. ಜಾಹೀರಾತಿನ ಬೆಲೆಯಲ್ಲಿ ಬಂದರಿನ ತೆರಿಗೆ ಸೇರಿದೆಯಾ ಅಂತ ನೋಡಿಕೊಳ್ಳಿ. ಜೊತೆಗೆ ಒಬ್ಬರಿಗೆ ದಿನಕ್ಕೆ 16ರಿಂದ 20 ಡಾಲರ್ ಆಸುಪಾಸು ಟಿಪ್ಸ್ ಅಂತ ಹಾಕುತ್ತಾರೆ, ಮಕ್ಕಳಿಗೂ. ನೀವು ಆರು ಜನ, ನಾಲ್ಕು ರಾತ್ರಿಗೆ ಅದೇ 400 ಡಾಲರ್ ದಾಟಬಹುದು.

ಎಡಿಸನ್‌ನಿಂದ

ಎರಡೂವರೆ ವರ್ಷದ ಮಗು ಡೈಪರ್‌ನಲ್ಲಿದೆಯಾ? ಹಾಗಿದ್ದರೆ ಹಡಗಿನ ಈಜುಕೊಳಕ್ಕೆ ಬಿಡುವುದಿಲ್ಲ. ಈಜುವ ಡೈಪರ್ ಹಾಕಿದರೂ ಇಲ್ಲ, ಅದು ಸರ್ಕಾರದ ಆರೋಗ್ಯ ನಿಯಮ. ಕೆಲವು ಹಡಗುಗಳಲ್ಲಿ ಪುಟ್ಟ ಮಕ್ಕಳಿಗೆ ಅಂತಲೇ ನೀರು ಚಿಮ್ಮುವ ಜಾಗ ಇರುತ್ತದೆ, ಮೊದಲೇ ಕೇಳಿಕೊಳ್ಳಿ. ನಮ್ಮ ಮಗ ಮೂರು ದಿನ ಕೊಳದ ಅಂಚಿನಲ್ಲಿ ನಿಂತು ಅಳುತ್ತಿದ್ದ. ಮಕ್ಕಳ ಕ್ಲಬ್ಬೂ ಸಾಮಾನ್ಯವಾಗಿ 3 ವರ್ಷದಿಂದ, ಅದೂ ಡೈಪರ್ ಬಿಟ್ಟಿದ್ದರೆ ಮಾತ್ರ. ಅಂದರೆ ಅವನನ್ನು ಇಡೀ ದಿನ ನೋಡಿಕೊಳ್ಳುವವರು ನೀವು, ಇಲ್ಲಾಂದ್ರೆ ಅಜ್ಜಿ.

ರೂಮು ತಗೊಳ್ಳುವಾಗ ಹಡಗಿನ ನಡುಭಾಗ, ಕೆಳಗಿನ ಮಹಡಿ ಕೇಳಿ. ಅಲ್ಲಿ ಓಲಾಟ ಕಡಿಮೆ. ಅಮ್ಮನಿಗೆ ಬಸ್ಸಿನಲ್ಲಿ ವಾಂತಿ ಬರುವ ಸ್ವಭಾವ ಇದ್ದರೆ ಡಾಕ್ಟರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ.

ಡಲ್ಲಾಸ್‌ನಿಂದ

ನಾನು ಡಿಸ್ನಿ ಕಡೆಯವಳು. ಆದರೆ ಡಿಸೆಂಬರ್ ಕೊನೆಯ ವಾರ ಮಾತ್ರ ಬೇಡವೇ ಬೇಡ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಅಲ್ಲಿ ಇಡೀ ವರ್ಷದಲ್ಲೇ ಅತಿ ಜಾಸ್ತಿ ಜನ. ನಾವು ಅದೇ ವಾರ ಅಪ್ಪ ಅಮ್ಮನನ್ನು ಕರೆದುಕೊಂಡು ಹೋದೆವು. ಫೋನಿನಲ್ಲಿ ದಿನಕ್ಕೆ ಇಪ್ಪತ್ತು ಸಾವಿರ ಹೆಜ್ಜೆ. ಎರಡನೇ ದಿನ ಸಂಜೆ ಅಪ್ಪ ರಸ್ತೆ ಪಕ್ಕದ ಕಟ್ಟೆ ಮೇಲೆ ಕೂತು "ನೀವು ನೋಡ್ಕೊಂಡು ಬನ್ನಿ, ನಾನಿಲ್ಲೇ ಇರ್ತೀನಿ" ಅಂದರು. ನಾವು ವಾಪಸ್ ಬರುವಾಗ ಎರಡೂವರೆ ಗಂಟೆ ಆಗಿತ್ತು. ಕಟ್ಟೆ ಬಿಟ್ಟು ಕದಲಿರಲಿಲ್ಲ. ನೀರು ಕೂಡ ಕುಡಿದಿರಲಿಲ್ಲ, ಬಾತ್‌ರೂಮಿಗೆ ಹೋದರೆ ನಾವು ತಪ್ಪಿಸಿಕೊಳ್ಳುತ್ತೇವೆ ಅಂತ. ಆ ನೋವು ನನಗೆ ಇನ್ನೂ ಇದೆ.

ಇಷ್ಟಾದರೂ ಡಿಸ್ನಿ ಅಂತ ಯಾಕೆ ಹೇಳ್ತೀನಿ ಅಂದ್ರೆ, ತಪ್ಪು ಜಾಗದ್ದಲ್ಲ, ನಾವು ಹಾಕಿಕೊಂಡ ಪಟ್ಟಿಯದು. ಎರಡು ವರ್ಷ ಬಿಟ್ಟು, ನವೆಂಬರ್ ಕೊನೆಯಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಮುಂದಿನ ವಾರ ಮತ್ತೆ ಹೋದೆವು. ದಿನಕ್ಕೆ ನಾಲ್ಕೈದು ಗಂಟೆ ಮಾತ್ರ. ಅಪ್ಪನಿಗೆ ತುಂಬಾ ಹಿಡಿಸಿತು.

ಅಟ್ಲಾಂಟಾದಿಂದ

ಒಂದು ಪ್ರಶ್ನೆ, ಇದನ್ನು ಮೊದಲು ನೋಡಿ. ನೀವು ಯಾವ ವೀಸಾದ ಮೇಲೆ ಇದ್ದೀರಿ? ಪಾಸ್‌ಪೋರ್ಟ್‌ನಲ್ಲಿರುವ ಸ್ಟಾಂಪ್ ಇನ್ನೂ ಚಾಲ್ತಿಯಲ್ಲಿದೆಯಾ? ಹಡಗು ಫ್ಲೋರಿಡಾದಿಂದ ಹೊರಟು ಫ್ಲೋರಿಡಾಕ್ಕೇ ಬಂದರೂ ನಡುವೆ ನೀವು ದೇಶ ಬಿಟ್ಟು ಹೋದಂತೆ ಲೆಕ್ಕ. ವಾಪಸ್ ಒಳಗೆ ಬರುವಾಗ ಚಾಲ್ತಿಯಲ್ಲಿರುವ ವೀಸಾ ಬೇಕು. ಎಚ್-1ಬಿ ಕೆಲಸದ ವೀಸಾದ ವಿಸ್ತರಣೆಯ ಕಾಗದ, ಅಂದರೆ ಐ-797 ಇದ್ದರೆ ಇಲ್ಲಿ ಕೆಲಸ ಮಾಡಬಹುದು ಅಷ್ಟೇ. ಅದನ್ನೇ ತೋರಿಸಿ ಬಹಾಮಾಸ್‌ನಿಂದ ಒಳಗೆ ಬರಲು ಆಗುವುದಿಲ್ಲ. ಕೆನಡಾ, ಮೆಕ್ಸಿಕೋಗೆ 30 ದಿನದೊಳಗೆ ಹೋಗಿ ಬರುವವರಿಗೆ ಒಂದು ವಿನಾಯಿತಿ ಇದೆ. ಆದರೆ ಎಚ್-1ಬಿ ಇರುವವರಿಗೆ ದ್ವೀಪಗಳಿಗೆ ಅದು ಅನ್ವಯಿಸುವುದಿಲ್ಲ. ನಿಮ್ಮ ಆಫೀಸಿನ ವಲಸೆ ವಕೀಲರನ್ನು ಕೇಳದೆ ಒಂದು ಡಾಲರ್ ಕೂಡ ಕಟ್ಟಬೇಡಿ.

ಅಪ್ಪ ಅಮ್ಮನ ವಿಮೆಯೂ ನೋಡಿ. ವಿಸಿಟರ್ ಇನ್ಶೂರೆನ್ಸ್‌ಗಳಲ್ಲಿ ಕೆಲವು ಸಮುದ್ರದಲ್ಲಿ, ಬೇರೆ ದೇಶದಲ್ಲಿ ನಡೆಯುವುದಿಲ್ಲ. ಹಡಗಿನ ಡಾಕ್ಟರ್ ಬಿಲ್ಲು ಬೇರೆಯೇ ಬರುತ್ತದೆ, ದೊಡ್ಡದೇ ಬರುತ್ತದೆ. ನನ್ನ ತಂದೆಗೆ ಸಕ್ಕರೆ ಇಳಿದು ಒಂದು ರಾತ್ರಿ ಅಲ್ಲಿ ಮಲಗಿಸಬೇಕಾಯಿತು. ಚೆನ್ನಾಗಿ ನೋಡಿಕೊಂಡರು. ಆದರೆ ವಿಮೆಯಿಂದ ನಮಗೆ ಏನೂ ಸಿಗಲಿಲ್ಲ.

ಕೇಳಿದವರು, ಷಾರ್ಲಟ್‌ನಿಂದ

ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಈಗಷ್ಟೇ ಪಾಸ್‌ಪೋರ್ಟ್ ತೆಗೆದು ನೋಡಿದೆವು. ಯಜಮಾನರ ಸ್ಟಾಂಪ್ ಹೋದ ಮಾರ್ಚ್‌ಗೆ ಮುಗಿದಿದೆ, ನನ್ನದೂ ಅದೇ ದಿನ. ಅಪ್ಪ ಅಮ್ಮನದು ಹತ್ತು ವರ್ಷದ್ದು, ಮಕ್ಕಳು ಇಲ್ಲೇ ಹುಟ್ಟಿದವರು. ಅಂದರೆ ಸಿಕ್ಕಿಹಾಕಿಕೊಳ್ಳುತ್ತಿದ್ದವರು ನಾವಿಬ್ಬರೇ. ನಾಳೆ ಅಡ್ವಾನ್ಸ್ ಕಟ್ಟುವವರಿದ್ದೆವು. ದೇಶ ಬಿಡದೇ ಹೋಗುವ ಕ್ರೂಸ್ ಯಾವುದಾದರೂ ಇದೆಯಾ?

ಅಟ್ಲಾಂಟಾದಿಂದ

ದೊಡ್ಡ ಹಡಗುಗಳಲ್ಲಿ ಬಹುತೇಕ ಎಲ್ಲವೂ ಬೇರೆ ದೇಶದಲ್ಲಿ ನೋಂದಣಿಯಾದವು. 1886ರ ಒಂದು ಕಾನೂನಿನ ಪ್ರಕಾರ ಅವು ಇಲ್ಲಿಂದ ಹೊರಟು ಇಲ್ಲಿಗೇ ಬರುವುದಾದರೆ ನಡುವೆ ಒಂದು ವಿದೇಶಿ ಬಂದರು ಮುಟ್ಟಲೇಬೇಕು. ಹವಾಯಿ ದ್ವೀಪಗಳನ್ನು ಮಾತ್ರ ಸುತ್ತುವ ಪ್ರೈಡ್ ಆಫ್ ಅಮೆರಿಕ ಅನ್ನುವ ಹಡಗಿದೆ, ಅದು ಅಮೆರಿಕದ್ದೇ. ಹೊನೊಲುಲುವಿನಿಂದ ಏಳು ದಿನ. ನಿಮ್ಮ ಐದು ದಿನಕ್ಕೆ, ಅಪ್ಪನಿಗೆ ಅಷ್ಟು ದೂರದ ವಿಮಾನಕ್ಕೆ ಅದು ಸರಿಹೋಗುವುದಿಲ್ಲ.

ಒರ್ಲ್ಯಾಂಡೋದಿಂದ

ನಾನು ಇಲ್ಲೇ ಇರುವವಳು, ಊರಿಂದ ಬಂದ ನೆಂಟರನ್ನೆಲ್ಲ ನಾನೇ ಸುತ್ತಿಸುತ್ತೇನೆ. ಬೇಜಾರು ಮಾಡ್ಕೋಬೇಡಿ. ನೀವು ಹೇಳಿದ ಅಪ್ಪ ಅಮ್ಮನಿಗೆ ಇಲ್ಲಿ ನೋಡುವುದು ಬೇಕಾದಷ್ಟಿದೆ, ರೋಲರ್ ಕೋಸ್ಟರ್ ಒಂದನ್ನೂ ಹತ್ತದೆ.

ಹೋಟೆಲ್ ಬೇಡ. ಪಕ್ಕದ ಊರು ಕಿಸಿಮಿ ಕಡೆ ಅಡುಗೆಮನೆ ಇರುವ ಬಾಡಿಗೆ ಮನೆ ತಗೊಳ್ಳಿ. ಅಮ್ಮ ಬೆಳಿಗ್ಗೆ ಒಂದು ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರೆ ಅರ್ಧ ದಿನ ನಿಶ್ಚಿಂತೆ. ಡಿಸ್ನಿ ಪಾರ್ಕಿನೊಳಗೆ ಮನೆಯ ಊಟ ತಗೊಂಡು ಹೋಗಬಹುದು, ಗಾಜಿನ ಡಬ್ಬಿ ಇರಬಾರದು ಅಷ್ಟೇ. ಅಪ್ಪನ ಸಕ್ಕರೆಗೆ ಹೊತ್ತು ಹೊತ್ತಿಗೆ ಊಟ ಆಗಬೇಕಲ್ವಾ, ಇದು ಅದಕ್ಕೂ ಒಳ್ಳೆಯದು. ಕುಡಿಯುವ ಐಸ್ ನೀರು ಕೌಂಟರಿನಲ್ಲಿ ಕೇಳಿದರೆ ಪುಕ್ಕಟೆ ಕೊಡುತ್ತಾರೆ.

ಇಲ್ಲಿ ನಾಲ್ಕು ಪಾರ್ಕ್ ಇವೆ. ನಿಮಗೆ ಮೂರು ಸಾಕು, ಅದೂ ಒಂದು ದಿನ ಬಿಟ್ಟು ಒಂದು ದಿನ.

ಮೊದಲನೇ ದಿನ ಎಪ್ಕಾಟ್. ಅಲ್ಲಿ ಲಿವಿಂಗ್ ವಿತ್ ದ ಲ್ಯಾಂಡ್ ಅಂತ ಒಂದು ದೋಣಿ ಇದೆ. ನಿಧಾನವಾಗಿ ದೊಡ್ಡ ಗಾಜಿನ ಮನೆಗಳೊಳಗೆ ಹೋಗುತ್ತದೆ. ಮಣ್ಣೇ ಇಲ್ಲದೆ, ಬೇರು ಗಾಳಿಯಲ್ಲಿ ನೇತಾಡುತ್ತಾ ಬೆಳೆದ ಗಿಡಗಳು. ಮರದ ಹಾಗೆ ಹಬ್ಬಿಸಿದ ಟೊಮೆಟೊ, ಭಾರೀ ಗಾತ್ರದ ಕುಂಬಳ. ತೋಟದವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ನೋಡಿ. ನನ್ನ ದೊಡ್ಡಪ್ಪ, ಶೃಂಗೇರಿ ಕಡೆಯವರು, ಸತತ ಮೂರು ಸಲ ಕೂತರು. ಮೂರನೇ ಸಲ ದೋಣಿಯಲ್ಲಿದ್ದ ಬೇರೆಯವರಿಗೆ ಹನಿ ನೀರಾವರಿ ಬಗ್ಗೆ ಕನ್ನಡದಲ್ಲೇ ಹೇಳುತ್ತಿದ್ದರು. ಕೇಬಲ್ ಕಾರು ಕೂಡ ಇದೆ, ಸ್ಕೈಲೈನರ್ ಅಂತ. ಅದಕ್ಕೆ ದುಡ್ಡಿಲ್ಲ.

ಆಮೇಲೆ ಅನಿಮಲ್ ಕಿಂಗ್‌ಡಮ್. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಸಫಾರಿ ಗಾಡಿ ಹತ್ತಿ, ಆಗ ಪ್ರಾಣಿಗಳು ಚುರುಕಾಗಿರುತ್ತವೆ. ಗಾಡಿ ಕುಲುಕುತ್ತದೆ, ಬೆನ್ನುನೋವಿದ್ದರೆ ಯೋಚಿಸಿ. ಏಷ್ಯಾ ವಿಭಾಗಕ್ಕೆ ಅವರಿಟ್ಟಿರುವ ಊರಿನ ಹೆಸರು ಆನಂದಪುರ! ಶಿವಮೊಗ್ಗದಿಂದ ಸಾಗರಕ್ಕೆ ಹೋಗುವಾಗ ಸಿಗುವ ನಮ್ಮ ಆನಂದಪುರ ಅಲ್ಲ, ಕಲ್ಪನೆಯ ಊರು. ಆದರೂ ನಿಮ್ಮ ಅಪ್ಪ ಅಮ್ಮನನ್ನು ಆ ಬೋರ್ಡಿನ ಕೆಳಗೆ ನಿಲ್ಲಿಸಿ ಫೋಟೋ ತೆಗೆಯಲೇಬೇಕು. ಪಕ್ಕದಲ್ಲೇ ಹುಲಿ ನೋಡುವ ಕಾಲುದಾರಿ ಇದೆ.

ಮಗಳಿಗಾಗಿ ಮ್ಯಾಜಿಕ್ ಕಿಂಗ್‌ಡಮ್ ಕೊನೆಗೆ. ಡಿಸೆಂಬರ್ ಮೊದಲ ಎರಡು ವಾರ ಕೆಲವು ರಾತ್ರಿ ಕ್ರಿಸ್‌ಮಸ್ ಪಾರ್ಟಿ ಇರುತ್ತದೆ, ಅದಕ್ಕೆ ಬೇರೆ ಟಿಕೆಟ್. ಆ ದಿನ ಉಳಿದವರಿಗೆ ಸಂಜೆ 6ಕ್ಕೇ ಮುಗಿಯುತ್ತದೆ. ರಾತ್ರಿಯ ಸಿಡಿಮದ್ದು ಸಿಗುವುದಿಲ್ಲ, ಆದರೆ ಹಗಲಿನಲ್ಲಿ ಜನ ಕಡಿಮೆ. ನಾನಾದರೆ ಅಮ್ಮನ ಮಂಡಿಗಾಗಿ ಅಂಥ ದಿನವನ್ನೇ ಆರಿಸುತ್ತೇನೆ. ಕಾರು ನಿಲ್ಲಿಸಿದ ಜಾಗದಿಂದ ಪಾರ್ಕಿನ ಬಾಗಿಲಿಗೆ ಮೋನೋರೈಲಿನಲ್ಲೂ ಹೋಗಬಹುದು, ಕೆರೆ ದಾಟುವ ಫೆರಿಯಲ್ಲೂ ಹೋಗಬಹುದು. ಫೆರಿ ಹತ್ತಿ. ನಿಮ್ಮ ಕಡೆಯವರಿಗೆ ಸಿಗಂದೂರು ಲಾಂಚ್ ನೆನಪಾಗುತ್ತದೆ.

ಮಗನಿಗೆ 3 ತುಂಬುವವರೆಗೆ ಟಿಕೆಟ್ ಇಲ್ಲ. ಅವನು ಹತ್ತಲಾಗದ ಆಟಕ್ಕೆ ಮಗಳು ಹೋಗಬೇಕಾದಾಗ ಬಾಗಿಲಲ್ಲಿ 'ರೈಡರ್ ಸ್ವಿಚ್' ಅಂತ ಕೇಳಿ. ಒಬ್ಬರು ಹೋಗಿ ಬಂದ ಮೇಲೆ ಇನ್ನೊಬ್ಬರು ಪೂರ್ತಿ ಸಾಲಿನಲ್ಲಿ ಕಾಯದೆ ಹೋಗಬಹುದು. ಸುಮ್ನೆ ಅಜ್ಜ ಅಜ್ಜಿಯ ಮೇಲೆ ಮಗುವನ್ನು ಬಿಡಬೇಕಾಗಿಲ್ಲ.

ಕೇಳಿದವರು, ಷಾರ್ಲಟ್‌ನಿಂದ

ಆನಂದಪುರ ಅಂತ ಓದಿ ಹೇಳಿದೆ. ಅಪ್ಪ ಎದ್ದು ಬಂದು ನನ್ನ ಫೋನಿನಲ್ಲಿ ಫೋಟೋ ನೋಡಿದರು! ಅವರು ಇಷ್ಟು ದಿನದಲ್ಲಿ ಯಾವುದನ್ನೂ ತೋರಿಸು ಅಂದಿರಲಿಲ್ಲ.

ಅಮ್ಮನದೇ ಚಿಂತೆ. ಗಾಲಿಕುರ್ಚಿ ಬಾಡಿಗೆಗೆ ತಗೊಳ್ಳೋಣ ಅಂದರೆ "ನನಗೇನಾಗಿದೆ, ನೋಡಿದವರು ಏನಂದ್ಕೊಳ್ತಾರೆ" ಅಂತಾರೆ.

ಡಲ್ಲಾಸ್‌ನಿಂದ

ನಮ್ಮಮ್ಮನೂ ಇದನ್ನೇ ಹೇಳಿದ್ದರು. ಒತ್ತಾಯ ಮಾಡಬೇಡಿ. ಗೇಟಿನ ಹತ್ತಿರವೇ ಬಾಡಿಗೆಗೆ ಕೊಡುತ್ತಾರೆ, ಕುರ್ಚಿ ತಗೊಂಡು ಮೊದಲು ನೀರಿನ ಬಾಟಲಿ, ಊಟದ ಚೀಲ ಅದರ ಮೇಲಿಡಿ. ಸ್ವಲ್ಪ ಹೊತ್ತು ಬಿಟ್ಟು "ಮಗು ಮಲಗಿದೆ ಅಮ್ಮಾ, ಸ್ವಲ್ಪ ತೊಡೆ ಮೇಲೆ ಇಟ್ಟುಕೊಂಡು ಕೂತ್ಕೋ" ಅನ್ನಿ. ನಮ್ಮಮ್ಮ ಕೂತವರು ಸಂಜೆವರೆಗೆ ಏಳಲಿಲ್ಲ. ಅಲ್ಲಿ ಸುತ್ತ ನೋಡಿದರೆ ಅವರ ವಯಸ್ಸಿನವರು ಎಷ್ಟೋ ಜನ ಗಾಲಿಕುರ್ಚಿಯಲ್ಲೇ ಇರುತ್ತಾರೆ. ಅದನ್ನು ಕಣ್ಣಾರೆ ಕಂಡಮೇಲೆ ಅವರ ಸಂಕೋಚ ಹೋಯಿತು. ಇಳಿಯಲು, ಹತ್ತಲು ಅಲ್ಲಿನ ಸಿಬ್ಬಂದಿ ದಾರಿ ತೋರಿಸುತ್ತಾರೆ.

ಅಪ್ಪನನ್ನು ಮಾತ್ರ ಒಬ್ಬರೇ ಕೂರಿಸಿ ಹೋಗಬೇಡಿ. ಫೋನಿದ್ದರೂ ಬೇಡ.

ಕೇಳಿದವರು, ಷಾರ್ಲಟ್‌ನಿಂದ

ಇಲ್ಲ, ಖಂಡಿತ ಬಿಡುವುದಿಲ್ಲ. ತೀರ್ಮಾನ ಆಯಿತು. ಥ್ಯಾಂಕ್ಸ್‌ಗಿವಿಂಗ್ ಮುಗಿದ ಮುಂದಿನ ವಾರ, ಮಗಳಿಗೆ ಶಾಲೆ ಬಿಡಿಸಿ. ಸೋಮವಾರ, ಬುಧವಾರ, ಶುಕ್ರವಾರ ಪಾರ್ಕ್, ನಡುವಿನ ಎರಡು ದಿನ ಮನೆ. ಹಡಗನ್ನು ಸ್ಟಾಂಪಿಂಗ್ ಆದಮೇಲೆ ನೋಡೋಣ ಅಂತ ಯಜಮಾನರು ಒಪ್ಪಿದರು. ನಡುವಿನ ಒಂದು ದಿನ ಎಲ್ಲಾದರೂ ಹತ್ತಿರದಲ್ಲಿ ಕೂತು ನೋಡುವಂಥದ್ದು ಏನಾದರೂ ಇದ್ದರೆ ಹೇಳಿ.

ಒರ್ಲ್ಯಾಂಡೋದಿಂದ

ಅನಿಮಲ್ ಕಿಂಗ್‌ಡಮ್ ಲಾಡ್ಜ್ ಹೋಟೆಲಿನೊಳಗೆ ಸನಾ ಅಂತ ಊಟದ ಜಾಗ ಇದೆ. ನಮ್ಮ ಕಡೆಯ ನಾನ್, ರೊಟ್ಟಿಗಳನ್ನು ಬಗೆಬಗೆಯ ಚಟ್ನಿಗಳ ಜೊತೆ ಕೊಡುತ್ತಾರೆ, ಅಮ್ಮನಿಗೆ ಮೊಟ್ಟೆ ಇಲ್ಲದ್ದು ಯಾವುದು ಅಂತ ಕೇಳಿ ತಗೊಳ್ಳಿ. ಕಿಟಕಿಯ ಆಚೆ ಹುಲ್ಲುಗಾವಲಿನಲ್ಲಿ ಜಿರಾಫೆ, ಜೀಬ್ರಾ ಓಡಾಡುತ್ತಿರುತ್ತವೆ. ಪಾರ್ಕಿನ ಟಿಕೆಟ್ ಬೇಕಾಗಿಲ್ಲ. ಆದರೆ ಟೇಬಲ್ ಬುಕಿಂಗ್ 60 ದಿನ ಮೊದಲೇ ತೆರೆಯುತ್ತದೆ, ಬೇಗ ತುಂಬುತ್ತದೆ. ಮಧ್ಯಾಹ್ನದ ಊಟಕ್ಕೇ ತಗೊಳ್ಳಿ, ರಾತ್ರಿಯಾದರೆ ಕತ್ತಲಲ್ಲಿ ಪ್ರಾಣಿಗಳು ಸರಿಯಾಗಿ ಕಾಣುವುದಿಲ್ಲ. ಅಪ್ಪ ಅಮ್ಮನನ್ನು ಕಿಟಕಿ ಕಡೆ ಕೂರಿಸಿ.