ಕಾಳ್ಯಾನಿಗೆ ಎಷ್ಟು ಮಾರ್ಕ್ಸ್?

ಗುಂಪು: ಮಾಳಮಡ್ಡಿ ಮನಿ
ಮಂಗಳವಾರ, ರಾತ್ರಿ 9:12

ಅಣ್ಣ ಬೆಂಗಳೂರು: (ಫೋಟೊ) ಎಲ್ಲರೂ ನೋಡಿ. ನಮ್ಮ ಕಾಳ್ಯಾನಂಥ ಕಾಯಿಲೆ ಬಿದ್ದ ನಾಯಿಯನ್ನು ಸೂಜಿ ಕೊಟ್ಟು ನೋವಿಲ್ಲದೆ ಕಳಿಸಿಕೊಡುವ ಹೊತ್ತು ಬಂತಾ ಇಲ್ಲವಾ ಅಂತ ತಿಳಿಯಲು ಆಲಿಸ್ ವಿಲ್ಲಲೋಬೋಸ್ ಅನ್ನುವ ಅಮೆರಿಕದ ಪಶುವೈದ್ಯೆ 2004ರಲ್ಲಿ ಮಾಡಿದ ಪಟ್ಟಿ. ನೋವು, ಹಸಿವು, ನೀರು, ಸ್ವಚ್ಛತೆ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೇ ದಿನ ಜಾಸ್ತಿಯಾ. ಒಂದೊಂದಕ್ಕೂ 10 ಮಾರ್ಕ್ಸ್, ಸ್ಥಿತಿ ಚೆನ್ನಾಗಿದ್ದಷ್ಟೂ ಜಾಸ್ತಿ. 70ಕ್ಕೆ 35 ದಾಟಿದರೆ ಇಟ್ಟುಕೊಳ್ಳಬಹುದು. ನಾನು 41 ಕೊಟ್ಟೆ. ಅವಸರ ಬೇಡ.

ಕಾಕಾ ಹುಬ್ಬಳ್ಳಿ: ಕಾಳ್ಯಾ ಪಾಸು 👏

ನಾನು: ಅಣ್ಣಾ, 41 ಎಲ್ಲಿಂದ ತಂದೆ?

ಅಣ್ಣ ಬೆಂಗಳೂರು: ಭಾನುವಾರ ನೀನೇ ವಿಡಿಯೋ ಹಾಕಿದ್ದೆಯಲ್ಲ. ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೆ ತಲೆ ಎತ್ತಿತು, ಬಾಲ ಆಡಿಸಿತು. ಖುಷಿಗೆ 8.

ನಾನು: ಅದು 14 ಸೆಕೆಂಡು. ಅಷ್ಟು ಸಿಗಲು ಬೆಳಿಗ್ಗೆಯಿಂದ ಕಾದಿದ್ದೆ. ಆಮೇಲೆ ರೊಟ್ಟಿಗೆ ಹಾಲು ಹಾಕಿ ಕಲಸಿ ಮೂಗಿನ ಹತ್ತಿರ ಹಿಡಿದರೆ ಮುಖ ತಿರುಗಿಸಿತು. ಅದನ್ನು ಹಾಕಲಿಲ್ಲ. ನನ್ನದೇ ತಪ್ಪು.

ಅತ್ಯಾ ಗದಗ: ಮೂಕ ಜೀವ. ಕೊಟ್ಟವನು ಕರೆದಾಗ ಹೋಗುತ್ತದೆ. ತೆಗೆಯಲು ನಾವ್ಯಾರು? ಅದೂ ಶ್ರಾವಣದಲ್ಲಿ.

ಕಾಕಾ ಹುಬ್ಬಳ್ಳಿ: ಅಕ್ಕಾ ಹೇಳಿದ್ದು ಖರೆ. ಕಾನೂನಿನ ಅಡ್ಡಿಯೂ ಇರಬೇಕಲ್ಲ? ನೋವಿದ್ದರೆ ಐಬುಪ್ರೊಫೆನ್ ಅರ್ಧ ಮಾತ್ರೆ ಕೊಡಿ. ನನ್ನ ಮೊಣಕಾಲಿಗೆ ಅದೇ.

ನಾನು: ಕಾಕಾ, ಬೇಡ್ರಿ! ಆ ಮಾತ್ರೆ ನಾಯಿಗೆ ವಿಷ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಹಾಳಾಗುತ್ತದೆ. ಇದರ ಕಿಡ್ನಿ ಮೊದಲೇ ಹೋಗಿದೆ.

ವೈನಿ: 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ನೋಡಿದೆ ಕಾಕಾ. ಕೆಲವು ಸಲ ಬದುಕಿಸಿಟ್ಟುಕೊಳ್ಳುವುದೇ ಕ್ರೂರ ಅಂತ ಅದೂ ಒಪ್ಪುತ್ತದೆ. ಬೇಡ ಅನ್ನುವುದು ಹಿಂಸೆ ಕೊಟ್ಟು ಕೊಲ್ಲುವುದನ್ನು.

ನಾನು: ಈಗ ನನ್ನ ಲೆಕ್ಕ ಕೇಳಿ. ನೋವು 3. ಹಸಿವು 1. ನೀರು 4, ಅದೂ ದಿನಾ ಡ್ರಿಪ್ ಹಾಕುವುದರಿಂದ. ಸ್ವಚ್ಛತೆ 6, ಅವ್ವ ದಿನಕ್ಕೆ ನಾಲ್ಕು ಸಲ ಬಿಸಿನೀರಿನಲ್ಲಿ ಒರೆಸುತ್ತಾಳೆ. ಅದು ಅವ್ವನ ಮಾರ್ಕ್ಸು, ಕಾಳ್ಯಾನದಲ್ಲ. ಖುಷಿ 3. ಓಡಾಟ 1. ಒಳ್ಳೇ ದಿನಕ್ಕೆ 2. ಅವ್ವ ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಅದು ಏನಾದರೂ ತಿಂದ ದಿನಕ್ಕೆ ಸೊನ್ನೆ ಸುತ್ತುತ್ತಾಳೆ. ಈ ತಿಂಗಳ 19 ದಿನದಲ್ಲಿ ನಾಲ್ಕು ಸೊನ್ನೆ. ಒಟ್ಟು 20. ನಿನ್ನೆಯ ರಕ್ತದ ರಿಪೋರ್ಟಿನಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ಕಸ, 7.4. ನಾಯಿಗೆ 5 ದಾಟಿದರೆ ಕಿಡ್ನಿ ಕಾಯಿಲೆಯ ಕೊನೇ ಹಂತ. ಡ್ರಿಪ್ ಹಾಕಿದ ಸಂಜೆ ಸ್ವಲ್ಪ ಕಣ್ಣು ಬಿಡುತ್ತದೆ, ಬೆಳಗಾದರೆ ಮತ್ತೆ ವಾಂತಿ.

ಅಣ್ಣ ಬೆಂಗಳೂರು: ಶನಿವಾರ ಬರುತ್ತೇನೆ. ಅಲ್ಲಿಯವರೆಗೆ ಯಾರೂ ಏನೂ ಮಾಡಬೇಡಿ. 13 ವರ್ಷದ ಹಿಂದೆ ಕೆಲಗೇರಿ ಕೆರೆ ದಂಡೆಯಿಂದ ಅಂಗಿಯಲ್ಲಿ ಸುತ್ತಿ ತಂದವನು ನಾನು.

ನಾನು: ಹೌದು, ತಂದವನು ನೀನೇ. ಶನಿವಾರಕ್ಕೆ ಇನ್ನೂ ನಾಲ್ಕು ರಾತ್ರಿ. ರಾತ್ರಿ 2ಕ್ಕೆ ಎದ್ದು ನಿಲ್ಲಲು ನೋಡಿ ಬೀಳುತ್ತದೆ. ಉಚ್ಚೆ ಮಾಡಿಕೊಂಡ ಜಾಗದಲ್ಲೇ ಮಲಗಲು ಅದಕ್ಕೆ ಮನಸ್ಸಿಲ್ಲ. ಎತ್ತುವವಳು ಸೊಂಟ ನೋವಿನ ಅವ್ವ. ಆ ನಾಲ್ಕು ರಾತ್ರಿ ಕಾಳ್ಯಾನಿಗೆ ಬೇಕಾ, ನಿನಗೆ ಬೇಕಾ?

ಅಣ್ಣ ಬೆಂಗಳೂರು: (ಈ ಮೆಸೇಜ್ ಅಳಿಸಲಾಗಿದೆ)

ಅತ್ಯಾ ಗದಗ: ತಂಗೀ, ಹಾಗೆಲ್ಲ ಅನ್ನಬಾರದು.

ಅತ್ಯಾ ಗದಗ: ಆ ಸೂಜಿ ಚುಚ್ಚಿದರೆ ಒದ್ದಾಡುತ್ತದೇನು?

ನಾನು: ಇಲ್ಲ ಅತ್ಯಾ. ಮೊದಲು ನಿದ್ದೆ ಬರುವ ಇಂಜೆಕ್ಷನ್. ಚೆನ್ನಾಗಿ ನಿದ್ದೆ ಹತ್ತಿದ ಮೇಲೆ ರಕ್ತನಾಳಕ್ಕೆ ಅರಿವಳಿಕೆ ಔಷಧಿ ಜಾಸ್ತಿ ಪ್ರಮಾಣದಲ್ಲಿ. ಉಸಿರು ನಿಲ್ಲುತ್ತದೆ, ಹೃದಯ ನಿಲ್ಲುತ್ತದೆ. ಆಮೇಲೂ ಒಂದೆರಡು ಸಲ ಉಸಿರೆಳೆದ ಹಾಗೆ ಕಾಣಬಹುದು, ಕಾಲು ಅದುರಬಹುದು. ಕಣ್ಣು ಮುಚ್ಚುವುದಿಲ್ಲ. ಆಗ ಅದಕ್ಕೆ ಏನೂ ತಿಳಿಯುವುದಿಲ್ಲ, ಹೆದರಬೇಡಿ ಅಂತ ಡಾಕ್ಟರ್ ಮೊದಲೇ ಹೇಳಿದ್ದಾರೆ.

ಅತ್ಯಾ ಗದಗ: ಹ್ಞೂಂ.

ರಾತ್ರಿ 10:47

ಅಣ್ಣ ಬೆಂಗಳೂರು: ರಾಣಿ ಚೆನ್ನಮ್ಮ ರೈಲಿಗೆ ವೇಟಿಂಗ್ ತೋರಿಸುತ್ತಿದೆ. ನಾಳೆ ರಾತ್ರಿ ಬಸ್ಸಿಗೆ ಬಿಡುತ್ತೇನೆ. ಗುರುವಾರ ಬೆಳಿಗ್ಗೆ ಇರುತ್ತೇನೆ. ಇಷ್ಟಾದರೂ ಕಾಯಿರಿ.

ನಾನು: ಬಾ. ಡಾಕ್ಟರಿಗೆ 11 ಗಂಟೆ ಅಂತ ಹೇಳುತ್ತೇನೆ, ಮನೆಗೇ ಬರುತ್ತಾರೆ. ಅಲ್ಲಿಯವರೆಗೆ ನೋವಿಗೆ, ವಾಂತಿಗೆ ಅವರೇ ಇಂಜೆಕ್ಷನ್ ಕೊಡುತ್ತಾರಂತೆ.

ಕಾಕಾ ಹುಬ್ಬಳ್ಳಿ: ಹಿತ್ತಲಲ್ಲಿ ಪೇರಲ ಗಿಡದ ಹತ್ತಿರ ಗುಂಡಿ ನಾನು ತೋಡುತ್ತೇನೆ. ಮಳೆಗೆ ನೆಲ ಮೆತ್ತಗಾಗಿದೆ.

ನಾನು: ಆಳ ಇರಲಿ ಕಾಕಾ. ಆ ಔಷಧಿ ಮೈಯಲ್ಲಿ ಹಾಗೇ ಉಳಿಯುತ್ತದಂತೆ. ಓಣಿಯ ನಾಯಿಗಳು ಕೆದರಿ ತಿಂದರೆ ಅವಕ್ಕೂ ವಿಷ.

ಕಾಕಾ ಹುಬ್ಬಳ್ಳಿ: ನಾಲ್ಕು ಫೂಟು ತೋಡೋಣ. ಮೇಲೆ ಕಲ್ಲು ಚಪ್ಪಡಿ. ಹಾರೆ ಅಲ್ಲಿದೆಯಾ, ಇಲ್ಲಾ ತರಲಾ?

ನಾನು: ಸಲಿಕೆ ಇದೆ. ಹಾರೆ ತನ್ನಿ.