ಪುಟ್ಟಿ ಬರೆದ ‘ಗಾಟನ್’ ತಪ್ಪಲ್ಲ, ಭಾವ

ಎಲ್ಲರಿಗೂ ನಮಸ್ಕಾರ. ಇದು ಸ್ವಲ್ಪ ಉದ್ದ ಆಗುತ್ತದೆ. ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ತೀರ್ಥಹಳ್ಳಿಯಲ್ಲಿ ಮಳೆ ಜೋರಾಗಿದೆ, ಹೆಂಚಿನ ಸದ್ದು ನಡುವೆ ಕೇಳಿಸಬಹುದು. ನೀವೆಲ್ಲ ಕೈಯಲ್ಲಿ ಇರುವ ಕೆಲಸ ಮಾಡಿಕೊಂಡೇ ಕೇಳಿ.

ನಿನ್ನೆ ರಾತ್ರಿ ನಮ್ಮ ಮನೆಯವರ ಈ ಫೋನಿನ ಗುಂಪಿನಲ್ಲಿ ಆದದ್ದನ್ನು ನಾನು ಇವತ್ತು ಬೆಳಿಗ್ಗೆ ನೋಡಿದೆ. ಅಮೆರಿಕದ ನ್ಯೂಜೆರ್ಸಿಯಿಂದ ಭಾವನ ಮೊಮ್ಮಗಳು, ನಮ್ಮ ಪುಟ್ಟಿ, ತಾನು ಪಿಟೀಲು ನುಡಿಸಿದ ವಿಡಿಯೋ ಹಾಕಿದ್ದಳಂತೆ. ನಾನು ನೋಡುವ ಹೊತ್ತಿಗೆ ಅದನ್ನು ಅಳಿಸಿಬಿಟ್ಟಿದ್ದಳು. ಭಾವ ಉತ್ತರ ಕೊಟ್ಟ ಕಡೆ ಅವಳ ಸಾಲು ಮಾತ್ರ ಉಳಿದುಕೊಂಡಿದೆ. ‘ಐ ಹ್ಯಾವ್ ಗಾಟನ್ ಬೆಟರ್, ತಾತ’ ಅಂತ. ಮೊದಲಿಗಿಂತ ಚೆನ್ನಾಗಿ ನುಡಿಸುತ್ತೇನೆ ತಾತ, ಕೇಳು ಅಂತ. ಅದಕ್ಕೆ ಭಾವ, ನೀವು ‘ಗಾಟನ್ ಅನ್ನುವುದು ಇಂಗ್ಲಿಷೇ ಅಲ್ಲ, ಅಮೆರಿಕದವರು ಭಾಷೆಯನ್ನು ಕೆಡಿಸಿಟ್ಟಿದ್ದಾರೆ’ ಅಂತ ಬರೆದಿರಿ. ಅಲ್ಲಿಂದ ಶುರು. ಒಬ್ಬರಿಗೆ ‘ಫಾಲ್’ ಆಗುವುದಿಲ್ಲ, ಒಬ್ಬರಿಗೆ ‘ಸಾಕರ್’ ಆಗುವುದಿಲ್ಲ, ಇನ್ನೊಬ್ಬರಿಗೆ ಸಂಪರ್ಕಿಸುವುದಕ್ಕೆ ‘ರೀಚ್ ಔಟ್’ ಅಂತ ಕೇಳಿದರೆ ಮೈ ಉರಿಯುತ್ತದಂತೆ. ಒಟ್ಟು 28 ಮೆಸೇಜು. ಪಿಟೀಲಿನ ಬಗ್ಗೆ ಒಂದೂ ಇಲ್ಲ.

ಭಾವ, ನೀವು ದೊಡ್ಡವರು. ನಾನು ಹೈಸ್ಕೂಲಿನಲ್ಲಿದ್ದಾಗ ನನಗೆ ಮೊದಲ ಇಂಗ್ಲಿಷ್ ನಿಘಂಟು ತಂದುಕೊಟ್ಟವರು ನೀವೇ. ಆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಪುಟ್ಟಿ ಬರೆದದ್ದು ಸರಿ ಇದೆ.

‘ಗಾಟನ್’ ಅಮೆರಿಕದಲ್ಲಿ ಹುಟ್ಟಿದ ಪದ ಅಲ್ಲ. ಇಂಗ್ಲೆಂಡಿನದೇ ಹಳೆಯ ಪದ. 17ನೇ ಶತಮಾನದಲ್ಲಿ ಅಲ್ಲಿಂದ ಅಮೆರಿಕಕ್ಕೆ ಹಡಗು ಹತ್ತಿದವರು ಅದನ್ನು ಬಾಯಲ್ಲಿಟ್ಟುಕೊಂಡು ಹೋದರು. ಆಮೇಲೆ ಇಂಗ್ಲೆಂಡಿನವರು ನಿಧಾನವಾಗಿ ಅದನ್ನು ಬಿಟ್ಟು ಬರೀ ‘ಗಾಟ್’ ಇಟ್ಟುಕೊಂಡರು. ಹೋದವರು ಬಿಡಲಿಲ್ಲ. ನಮ್ಮ ಮನೆಯ ಹಸೆ ಹಾಡುಗಳನ್ನೇ ನೆನಪು ಮಾಡಿಕೊಳ್ಳಿ. ಅಜ್ಜಿ ಹಾಡುತ್ತಿದ್ದ ಹಾಡು ಈ ಮನೆಯಲ್ಲಿ ಈಗ ಯಾರಿಗೂ ಬರುವುದಿಲ್ಲ. ಮದುವೆಯಾಗಿ ಮುಂಬೈಗೆ ಹೋದ ಸೋದರತ್ತೆಗೆ ಪೂರ್ತಿ ಬಾಯಿಪಾಠ ಇದೆ. ಹಾಗಂತ ಅದು ಮುಂಬೈ ಹಾಡಾಗುತ್ತದಾ?

ಇನ್ನೊಂದು. ‘ಫರ್ಗಾಟನ್’ ಅನ್ನುವಾಗ ನೀವೂ ಅದೇ ಹಳೆಯ ರೂಪವನ್ನೇ ಬಳಸುತ್ತೀರಿ ಅಲ್ವಾ? ‘ಫರ್ಗೆಟ್’ಗೆ ‘ಫರ್ಗಾಟನ್’ ಆಗಬಹುದು, ‘ಗೆಟ್’ಗೆ ‘ಗಾಟನ್’ ಆಗಬಾರದು ಅಂದರೆ ಹೇಗೆ? ಅಮೆರಿಕದವರಿಗೆ ಅದರಿಂದ ಒಂದು ಅನುಕೂಲವೂ ಇದೆ. ‘ಐ ಹ್ಯಾವ್ ಗಾಟ್ ಎ ಕಾರ್’ ಅಂದರೆ ನನ್ನ ಹತ್ತಿರ ಕಾರಿದೆ. ‘ಐ ಹ್ಯಾವ್ ಗಾಟನ್ ಎ ಕಾರ್’ ಅಂದರೆ ಕಾರು ಸಿಕ್ಕಿತು, ತೆಗೆದುಕೊಂಡೆ. ಎರಡು ಅರ್ಥಕ್ಕೆ ಎರಡು ರೂಪ. ಬ್ರಿಟನ್ನಿನವರು ಒಂದೇ ರೂಪದಲ್ಲಿ ಎರಡನ್ನೂ ಹೇಳಬೇಕು.

‘ಫಾಲ್’ ಕಥೆಯೂ ಹೀಗೇ. ಎಲೆ ಉದುರುವ ಕಾಲಕ್ಕೆ ಇಂಗ್ಲೆಂಡಿನಲ್ಲೇ ಒಂದು ಕಾಲಕ್ಕೆ ಹಾಗೆ ಹೇಳುತ್ತಿದ್ದರು. ಈಗ ಅಲ್ಲಿ ಹೇಳುವ ‘ಆಟಮ್’ ಫ್ರೆಂಚಿನ ಕಡೆಯಿಂದ ಬಂದದ್ದು. ಫುಟ್‌ಬಾಲಿಗೆ ಹೇಳುವ ‘ಸಾಕರ್’ ಅಂತೂ ಇಂಗ್ಲೆಂಡಿನ ವಿದ್ಯಾರ್ಥಿಗಳು ಕಟ್ಟಿದ ಪದ. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಶುರುವಾಯಿತು. ಆ ‘ಅಸೋಸಿಯೇಷನ್’ ಪದದ ನಡುವಿನ ‘ಸಾಕ್’ ಹಿಡಿದು, ರಗ್ಬಿಗೆ ‘ರಗ್ಗರ್’ ಅಂದ ಹಾಗೆ ಇದಕ್ಕೆ ‘ಸಾಕರ್’ ಅಂದರು. ಈಗ ಬ್ರಿಟನ್ನಿನವರೇ ಅದನ್ನು ಅಮೆರಿಕದವರ ತಲೆಗೆ ಕಟ್ಟುತ್ತಾರೆ.

ಅಲ್ಯೂಮಿನಿಯಂ ವಿಷಯ ಯಾರೂ ತೆಗೆಯಲಿಲ್ಲ, ಆದರೆ ನನಗೆ ಬಹಳ ಇಷ್ಟದ ಉದಾಹರಣೆ ಅದು. ಅಮೆರಿಕದವರು ‘ಅಲೂಮಿನಂ’ ಅನ್ನುತ್ತಾರೆ, ಒಂದು ‘ಇ’ ನುಂಗಿದ ಹಾಗೆ ಕೇಳುತ್ತದೆ. ಹೆಸರಿಟ್ಟವರು ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ. 1808ರಲ್ಲಿ ಅವರು ಬರೆದದ್ದು ‘ಅಲ್ಯುಮಿಯಂ’. 1812ರ ಹೊತ್ತಿಗೆ ಅವರೇ ‘ಅಲೂಮಿನಂ’ ಅಂತ ಬದಲಾಯಿಸಿದರು. ಸೋಡಿಯಂ, ಪೊಟ್ಯಾಸಿಯಂ ಜೊತೆ ಹೊಂದಲಿ ಅಂತ ಬೇರೆಯವರು ‘ಇಯಂ’ ಸೇರಿಸಿದರು. ಅಂದರೆ ಅಮೆರಿಕದವರು ಡೇವಿ ಇಟ್ಟ ಹೆಸರನ್ನೇ ಹೇಳುತ್ತಿದ್ದಾರೆ.

ಪದ ಕೇಳಿ ಸಿಟ್ಟು ಬರುವುದು ಹೊಸದೇನಲ್ಲ. ಬೆಂಜಮಿನ್ ಫ್ರಾಂಕ್ಲಿನ್ ಅಮೆರಿಕ ದೇಶವನ್ನೇ ಕಟ್ಟಿದವರಲ್ಲಿ ಒಬ್ಬರು. 1789ರ ಡಿಸೆಂಬರಿನಲ್ಲಿ ಅವರು ಅಲ್ಲಿನ ನಿಘಂಟುಕಾರ ನೋವಾ ವೆಬ್‌ಸ್ಟರ್‌ಗೆ ಕಾಗದ ಬರೆದರು. ತಾನು ಫ್ರಾನ್ಸಿನಲ್ಲಿದ್ದಾಗ ನಮ್ಮ ಭಾಷೆಗೆ ಕೆಟ್ಟ ಪದಗಳು ಬಂದು ಸೇರಿವೆ, ನೀವು ಇವನ್ನು ತಡೆಯಬೇಕು ಅಂತ. ಯಾವ ಪದಗಳು ಗೊತ್ತಾ? ‘ನೋಟಿಸ್’, ‘ಅಡ್ವೊಕೇಟ್’, ‘ಪ್ರೋಗ್ರೆಸ್’ ಇವನ್ನು ಕ್ರಿಯಾಪದವಾಗಿ ಬಳಸುವುದು. ನಾನು 34 ವರ್ಷ ಮಕ್ಕಳ ಪ್ರೋಗ್ರೆಸ್ ಕಾರ್ಡಿನಲ್ಲಿ ‘ಹ್ಯಾಸ್ ಪ್ರೋಗ್ರೆಸ್ಡ್ ವೆಲ್’ ಅಂತ ಬರೆದಿದ್ದೇನೆ. ಯಾರೂ ತಪ್ಪು ಅನ್ನಲಿಲ್ಲ.

ಇಂಗ್ಲಿಷ್ ಕವಿ ಕೋಲ್‌ರಿಜ್ 1832ರಲ್ಲಿ ‘ಟ್ಯಾಲೆಂಟೆಡ್’ ಪದದ ಮೇಲೆ ಹರಿಹಾಯ್ದಿದ್ದರು. ಹಾಗೆ ನಾಮಪದಕ್ಕೆ ಬಾಲ ಅಂಟಿಸಬಹುದು ಅಂತಾದರೆ ‘ಶಿಲ್ಲಿಂಗ್’ ನಾಣ್ಯಕ್ಕೂ ಅಂಟಿಸಿ ‘ಶಿಲ್ಲಿಂಗ್ಡ್’ ಅಂತಲೂ ಯಾಕೆ ಹೇಳಬಾರದು ಅಂತ ಅವರ ವಾದ. ಇಂಥ ಪದಗಳು ಹೆಚ್ಚಾಗಿ ಅಮೆರಿಕದಿಂದ ಬರುತ್ತವೆ ಅಂತಲೂ ಸೇರಿಸಿದ್ದರು. ಭಾವ, ಹೋದ ದೀಪಾವಳಿಗೆ ವಿಡಿಯೋ ಕಾಲಿನಲ್ಲಿ ನೀವು ಪುಟ್ಟಿಗೆ ಹೇಳಿದ ಪದ ಯಾವುದು? ‘ಮೈ ಟ್ಯಾಲೆಂಟೆಡ್ ಗರ್ಲ್’ ಅಂದಿರಿ. ಅವಳ ಮುಖ ಅರಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಇದನ್ನೆಲ್ಲ ಇಷ್ಟು ಜೋರಾಗಿ ಹೇಳುವುದಕ್ಕೆ ಒಂದು ಕಾರಣ ಇದೆ. ನಾನೂ ಈ ತಪ್ಪು ಮಾಡಿದ್ದೇನೆ. ಕಂಪ್ಯೂಟರ್ ಹೊಸದಾಗಿ ಬಂದ ಕಾಲ. ಒಬ್ಬ ಹುಡುಗ ಪ್ರಬಂಧದಲ್ಲಿ ‘ಯು’ ಇಲ್ಲದೆ ‘ಕಲರ್’ ಅಂತ ಬರೆದಿದ್ದ. ಒಂದಲ್ಲ, ಆರು ಸಲ. ನಾನು ಆರಕ್ಕೂ ಕೆಂಪು ಗೆರೆ ಎಳೆದೆ, ಅಂಕ ಕಳೆದೆ. ಅವನು ಬಂದು ‘ಮಿಸ್, ಕಂಪ್ಯೂಟರಿನಲ್ಲಿ ಹೀಗೇ ಇದೆ’ ಅಂದ. ‘ಕಂಪ್ಯೂಟರ್ ನಿನಗೆ ಪಾಠ ಮಾಡುತ್ತದಾ’ ಅಂತ ಗದರಿಸಿ ಕಳಿಸಿದೆ. ಆಮೇಲೆ ಓದಿಕೊಂಡೆ. ಶೇಕ್ಸ್‌ಪಿಯರ್ ಕಾಲದ ಅಚ್ಚಿನ ಪುಸ್ತಕಗಳಲ್ಲಿ ‘ಆನರ್’ ಪದ ‘ಯು’ ಇಟ್ಟೂ ಇದೆ, ‘ಯು’ ಬಿಟ್ಟೂ ಇದೆ. ವೆಬ್‌ಸ್ಟರ್ 1828ರಲ್ಲಿ ತನ್ನ ದೊಡ್ಡ ನಿಘಂಟು ತಂದಾಗ ‘ಯು’ ಬಿಟ್ಟದ್ದನ್ನು ಗಟ್ಟಿ ಮಾಡಿದರು, ಅಷ್ಟೇ. ಪ್ರಬಂಧ ಪೂರ್ತಿ ಒಂದೇ ರೀತಿ ಬರೆದಿದ್ದಾನಾ ಅಂತ ಮಾತ್ರ ನಾನು ನೋಡಬೇಕಿತ್ತು. ಆ ಹುಡುಗ ಬರೆದದ್ದು ಅವರ ಊರಿನ ಜಾತ್ರೆಯ ಬಗ್ಗೆ. ಎಷ್ಟು ಚೆನ್ನಾಗಿ ಬರೆದಿದ್ದ. ಅದನ್ನು ಅವನಿಗೆ ನಾನು ಹೇಳಲೇ ಇಲ್ಲ. ನಿನ್ನೆಯ ಮೆಸೇಜು ನೋಡಿದಾಗ ನನಗೆ ಮೊದಲು ನೆನಪಾದದ್ದು ಅವನು.

ಎರಡು ಇಂಗ್ಲಿಷಿನ ನಡುವೆ ನಿಜವಾಗಿ ಎಚ್ಚರ ಬೇಕಾದದ್ದು ಬೇರೆ ಕಡೆ. ಪದ ಒಂದೇ ಇದ್ದು ಅರ್ಥ ಬೇರೆ ಆದಾಗ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟನ್ ಮತ್ತು ಅಮೆರಿಕದ ಸೇನಾ ಮುಖ್ಯಸ್ಥರ ಸಭೆಯಲ್ಲಿ ಆದದ್ದನ್ನು ಚರ್ಚಿಲ್ ಬರೆದಿದ್ದಾರೆ. ಬ್ರಿಟಿಷರು ಒಂದು ಕಾಗದವನ್ನು ‘ಟೇಬಲ್’ ಮಾಡೋಣ ಅಂದರು. ಅವರ ಲೆಕ್ಕದಲ್ಲಿ ಅದು ಈಗಲೇ ಚರ್ಚೆಗೆ ತೆಗೆದುಕೊಳ್ಳೋಣ ಅಂತ. ಅಮೆರಿಕದವರ ಲೆಕ್ಕದಲ್ಲಿ ‘ಟೇಬಲ್’ ಅಂದರೆ ಬದಿಗಿಡುವುದು. ಅವರು ಬೇಡ, ಇದು ಮುಖ್ಯ ವಿಷಯ, ಬದಿಗಿಡಬಾರದು ಅಂದರು. ಬಹಳ ಹೊತ್ತು ಜಗಳ ಆಯಿತು. ಕೊನೆಗೆ ನೋಡಿದರೆ ಇಬ್ಬರಿಗೂ ಬೇಕಾದದ್ದು ಒಂದೇ!

ನಮ್ಮ ಮನೆಯಲ್ಲೂ ಆಗಿದೆ. ಮ್ಯಾಂಚೆಸ್ಟರಿನಲ್ಲಿ ನನ್ನ ಮೊಮ್ಮಗನ ಗಣಿತಕ್ಕೆ ಟೀಚರ್ ‘ಕ್ವೈಟ್ ಗುಡ್’ ಅಂತ ಬರೆದಿದ್ದರು. ನ್ಯೂಜೆರ್ಸಿಯವರು ಅಭಿನಂದನೆ ಹೇಳಿದರು, ಯಾಕೆಂದರೆ ಅಲ್ಲಿ ಅದು ‘ಬಹಳ ಚೆನ್ನಾಗಿದೆ’. ನನ್ನ ಮಗನ ಮುಖ ಸಪ್ಪಗಿತ್ತು, ಯಾಕೆಂದರೆ ಬ್ರಿಟನ್ನಿನಲ್ಲಿ ಅದು ‘ಪರವಾಗಿಲ್ಲ’ ಅನ್ನುವಷ್ಟೇ. ದುಡ್ಡಿನ ಲೆಕ್ಕದಲ್ಲಿ ಇನ್ನೂ ದೊಡ್ಡ ಅಂತರ ಇತ್ತು. ಬ್ರಿಟನ್ನಿನ ಹಳೆಯ ಬಿಲಿಯನ್ ಅಂದರೆ ಲಕ್ಷ ಕೋಟಿ, ಅಮೆರಿಕದ್ದು 100 ಕೋಟಿ. 1974ರಲ್ಲಿ ಬ್ರಿಟನ್ನಿನ ಪ್ರಧಾನಿ ಹೆರಾಲ್ಡ್ ವಿಲ್ಸನ್, ತಮ್ಮ ಸರ್ಕಾರವೂ 100 ಕೋಟಿಯ ಅರ್ಥದಲ್ಲೇ ಬಳಸುತ್ತದೆ ಅಂದ ಮೇಲೆ ಗೊಂದಲ ಕಡಿಮೆಯಾಯಿತು.

ಈಗ ನನಗೆ ಮೈ ಉರಿಯುವ ಪದ ಯಾವುದು ಅಂತ ಹೇಳುತ್ತೇನೆ. ಪುಟ್ಟಿಯ ಅಪ್ಪನನ್ನು ಕೇಳಿಕೊಂಡೇ ಇದನ್ನು ಹೇಳುತ್ತಿದ್ದೇನೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವನ ಕಂಪನಿಯಿಂದ ಮೇಲ್ ಬಂತು. ‘ಯುವರ್ ರೋಲ್ ಹ್ಯಾಸ್ ಬೀನ್ ಇಂಪ್ಯಾಕ್ಟೆಡ್.’ ಅವನು ಅದನ್ನೇ ಫೋನಿನಲ್ಲಿ ಓದಿ ಹೇಳಿದ. ‘ಇಂಪ್ಯಾಕ್ಟ್’ ಅಂದರೆ ಏಟು ಅಂದುಕೊಂಡು ಅಕ್ಕ ಗಾಬರಿಯಿಂದ ‘ಎಲ್ಲಿಗೆ ಏಟಾಯ್ತೋ’ ಅಂತ ಕೇಳಿದಳು. ಕೆಲಸ ಹೋಗಿದೆ ಅಂತ ಅವಳಿಗೆ ಅರ್ಥವಾಗಲು ಹತ್ತು ನಿಮಿಷ ಬೇಕಾಯಿತು. ಆ ಮೇಲಿನಲ್ಲಿ ‘ತೆಗೆದಿದ್ದೇವೆ’ ಅನ್ನುವ ಮಾತೇ ಇರಲಿಲ್ಲ. ಯಾರು ತೆಗೆದರು ಅಂತಲೂ ಇರಲಿಲ್ಲ. ಎಲ್ಲಿಂದಲೋ ಕಲ್ಲು ಬಂದು ಬಿದ್ದ ಹಾಗೆ. ಬ್ರಿಟನ್ನಿನವರೂ ಇದರಲ್ಲಿ ಕಡಿಮೆ ಇಲ್ಲ. ಅಲ್ಲಿ ‘ರಿಡಂಡಂಟ್’ ಅನ್ನುತ್ತಾರೆ, ಅಂದರೆ ಬೇಡದೆ ಉಳಿದದ್ದು. ದುಡಿದ ಮನುಷ್ಯನಿಗೆ ಅಂಟಿಸುವ ಪದವಾ ಅದು? ‘ರೀಚ್ ಔಟ್’ ಕೇಳಿ ಕೇಳಿ ಬೇಜಾರಾಗುತ್ತದೆ, ಒಪ್ಪುತ್ತೇನೆ. ಆದರೆ ಅದು ಪಾಪದ ಪದ, ಯಾರನ್ನೂ ನೋಯಿಸುವುದಿಲ್ಲ.

1987ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೇಗನ್, ಇರಾನಿಗೆ ಗುಟ್ಟಾಗಿ ಆಯುಧ ಮಾರಿದ ವಿಷಯದಲ್ಲಿ ‘ಸೀರಿಯಸ್ ಮಿಸ್ಟೇಕ್ಸ್ ವರ್ ಮೇಡ್’ ಅಂದರು. ತಪ್ಪುಗಳು ಆದವು. ಮಾಡಿದವರು ಯಾರು? ವಾಕ್ಯದಲ್ಲಿ ಯಾರೂ ಇಲ್ಲ. ನಮ್ಮ ಕನ್ನಡದಲ್ಲೂ ಈ ರೋಗ ಬಂದಿದೆ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಅಂತ ಪತ್ರಿಕೆಯಲ್ಲಿ ದಿನಾ ಓದುತ್ತೇವೆ. ಮನೆಯಲ್ಲಿ ಯಾರಾದರೂ ‘ಅನ್ನ ಮಾಡಲಾಗುವುದು’ ಅನ್ನುತ್ತಾರಾ? ನಾನು ಮಾಡುತ್ತೇನೆ, ನೀನು ಬಡಿಸು ಅನ್ನುತ್ತೇವೆ. ಮಾಡುವವರ ಹೆಸರು ಹೇಳುವ ಭಾಷೆ ನಮ್ಮದು. ಭಾವ, ಸಿಟ್ಟು ಮಾಡಲೇಬೇಕು ಅಂದರೆ ಇದರ ಮೇಲೆ ಮಾಡಿ. ನಾನೂ ನಿಮ್ಮ ಜೊತೆ ನಿಲ್ಲುತ್ತೇನೆ.

ನಿಮ್ಮ ಇಂಗ್ಲಿಷ್ ಮೇಲೂ ನನಗೆ ಪ್ರೀತಿ ಇದೆ. ಗೊತ್ತುಮಾಡಿದ ದಿನಕ್ಕಿಂತ ಮೊದಲೇ ಇಟ್ಟುಕೊಳ್ಳುವುದಕ್ಕೆ ನೀವು ‘ಪ್ರೀಪೋನ್’ ಅನ್ನುತ್ತೀರಿ. ಲಂಡನ್ನಿನವರಿಗೆ ಅದು ವಿಚಿತ್ರವಾಗಿ ಕೇಳಬಹುದು, ಆದರೆ ಎಷ್ಟು ಅಚ್ಚುಕಟ್ಟಾದ ಪದ! ಆಕ್ಸ್‌ಫರ್ಡ್ ನಿಘಂಟಿನಲ್ಲೂ ಜಾಗ ಸಿಕ್ಕಿದೆ. ‘ಐ ಪಾಸ್ಡ್ ಔಟ್ ಇನ್ 1972’ ಅನ್ನುತ್ತೀರಿ. ಪುಟ್ಟಿಗೆ ಅದು ತಾತ ಆ ವರ್ಷ ಮೂರ್ಛೆ ಹೋದರು ಅಂತ ಕೇಳುತ್ತದೆ. ಅವಳು ನಿಮ್ಮನ್ನು ತಿದ್ದಲಿಲ್ಲ. ನನ್ನ ಹತ್ತಿರ ಮೆಲ್ಲಗೆ ಅರ್ಥ ಕೇಳಿ ತಿಳಿದುಕೊಂಡಳು.

ಇನ್ನೊಂದು ನೆನಪು. ಪುಟ್ಟಿಯ ಅಮ್ಮ ಬಾಗಲಕೋಟೆಯಿಂದ ಸೊಸೆಯಾಗಿ ಬಂದ ಹೊಸತು. ಬೆಳಿಗ್ಗೆ ಎದ್ದ ಕೂಡಲೇ ಅಕ್ಕ ‘ತಿಂಡಿ ಆಯ್ತೇನಮ್ಮಾ’ ಅಂತ ಕೇಳಿದಳು. ಆ ಹುಡುಗಿ ಮುಖ ಕೆಂಪಗೆ ಮಾಡಿಕೊಂಡು ಒಳಗೆ ಹೋಗಿಬಿಟ್ಟಳು. ಅವರ ಕಡೆ ತಿಂಡಿ ಅಂದರೆ ತುರಿಕೆ, ತಿನ್ನುವುದಕ್ಕೆ ನಾಷ್ಟಾ ಅನ್ನುತ್ತಾರೆ. ಅಕ್ಕನಿಗೂ ಅವಮಾನ ಆದ ಹಾಗಾಯಿತು. ಆಗ ಇಬ್ಬರನ್ನೂ ಕೂರಿಸಿಕೊಂಡು ‘ಎರಡೂ ಕನ್ನಡವೇ, ಈ ಮನೆಯಲ್ಲಿ ಎರಡೂ ನಡೆಯುತ್ತದೆ’ ಅಂದವರು ನೀವೇ ಭಾವ. ಅವತ್ತಿನಿಂದ ನಿಮ್ಮ ಮನೆಯಲ್ಲಿ ಇವತ್ತಿನವರೆಗೂ ‘ನಾಷ್ಟಾಕ್ಕೆ ಏನು’ ಅಂತಲೇ ಕೇಳುತ್ತಾರೆ.

ಪುಟ್ಟೀ, ಇದು ನಿನಗೆ. ನಿಮ್ಮಪ್ಪ ಹಾಕಿದ ಟಿಕೆಟ್ಟಿನ ಮೆಸೇಜಿನಲ್ಲಿ 07/08 ಅಂತ ಇದೆ. ನಾವು ಇಲ್ಲಿ ಅದನ್ನು ಆಗಸ್ಟ್ 7 ಅಂತ ಓದಿದ್ದೇವೆ. ತಾತ ಬೆಂಗಳೂರು ಏರ್‌ಪೋರ್ಟಿಗೆ ಕಾರಿಗೂ ಹೇಳಿಟ್ಟಿದ್ದಾರೆ. ನಿಮ್ಮ ಕಡೆ ತಿಂಗಳು ಮೊದಲು ಬರೆಯುತ್ತೀರಿ, ಹಾಗಾದರೆ ಅದು ಜುಲೈ 8 ಅಲ್ವಾ? ಇವತ್ತೇ ತಿಂಗಳಿನ ಹೆಸರನ್ನು ಅಕ್ಷರದಲ್ಲಿ ಬರೆದು ಹಾಕು, ಕಾರಿನವರಿಗೆ ತಾತ ಮತ್ತೆ ಫೋನ್ ಮಾಡಬೇಕು. ಹಾಗೇ ಆ ವಿಡಿಯೋ ಮತ್ತೆ ಹಾಕಮ್ಮ. ನಾನು ಇನ್ನೂ ಕೇಳಿಲ್ಲ.