ಸಹಾಯ ಬೇಕು: ಹೋಶೇಯನ ಪುಸ್ತಕವನ್ನು ಯೌವನಸ್ಥರಿಗೆ ಹೇಗೆ ಹೇಳೋದು?

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಈ ಭಾನುವಾರ ನಮ್ಮ ಸಭೆಯ ಯೌವನಸ್ಥರ ಕೂಟದಲ್ಲಿ ಬೈಬಲ್‌ನ ಹಳೆಯ ಒಡಂಬಡಿಕೆಯ ಪ್ರವಾದಿ ಹೋಶೇಯನ ಬಗ್ಗೆ ಮಾತಾಡಬೇಕು. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಹೋಶೇಯನ ಹೆಂಡತಿ ಗೋಮೆರಳ ಕಥೆ ನಿಮಗೆ ಗೊತ್ತೇ ಇದೆ. ಇಸ್ರಾಯೇಲ್ಯರು ದೇವರನ್ನು ಬಿಟ್ಟು ಬಾಳನೆಂಬ ಅನ್ಯದೇವರ ಹಿಂದೆ ಹೋದ ಹಾಗೆ ಅವಳೂ ಗಂಡನನ್ನು ಬಿಟ್ಟು ಹೋದಳು. 3ನೇ ಅಧ್ಯಾಯದಲ್ಲಿ ಹೋಶೇಯ 15 ಶೆಕೆಲ್ (ಆಗಿನ ತೂಕದ ಅಳತೆ) ಬೆಳ್ಳಿ, ಜೊತೆಗೆ ಜವೆಗೋಧಿ ಕೊಟ್ಟು ಅವಳನ್ನು ಬಿಡಿಸಿಕೊಂಡು ಬರುತ್ತಾನೆ. ಬೆಳ್ಳಿ ಸಾಲದೆ ಮನೆಯ ಕಾಳನ್ನೇ ಅಳೆದು ಕೊಟ್ಟನೇನೋ! ಇದು ನನ್ನ ಊಹೆ ಅಷ್ಟೇ, ಆದರೂ ಓದುವಾಗ ಗಂಟಲು ಕಟ್ಟುತ್ತದೆ.

ಕಷ್ಟ ಇರೋದು 11ನೇ ಅಧ್ಯಾಯದಲ್ಲಿ. ಮಗುವಿಗೆ ನಡೆಯೋದು ಕಲಿಸಿದ ತಂದೆಯ ಹಾಗೆ ದೇವರು ಮಾತಾಡುತ್ತಾನೆ. ಸಿಟ್ಟಿದೆ, ಆದರೆ ಕೈಬಿಡೋಕೆ ಮನಸ್ಸು ಬರುತ್ತಿಲ್ಲ. ಹೋದ ವಾರ ಒಬ್ಬ ಹುಡುಗ ಕೇಳಿದ: "ಅಣ್ಣಾ, ದೇವರು ಬದಲಾಗಲ್ಲ ಅಂತೀರಿ. ಮತ್ತೆ ನಾವು ತಪ್ಪು ಮಾಡಿದ್ರೆ ಆತನಿಗೆ ನೋವಾಗೋದು ಹೇಗೆ?" ಪವಿತ್ರಾತ್ಮನನ್ನು ದುಃಖಪಡಿಸಬೇಡಿ ಅನ್ನೋ ಎಫೆಸ 4:30 ತೋರಿಸಿದೆ. ಸುಮ್ನೆ ತಲೆಯಾಡಿಸಿದ, ಒಪ್ಪಿದ ಹಾಗೆ ಕಾಣಲಿಲ್ಲ.

ಪಾಸ್ಟರ್‌ಗಳು, ಸಂಡೇ ಸ್ಕೂಲ್ ಟೀಚರ್‌ಗಳು ಯಾರಾದರೂ ಇದ್ದರೆ ಇದನ್ನು ಸರಳವಾಗಿ ಹೇಗೆ ವಿವರಿಸುತ್ತೀರಿ? ಇನ್ನೊಂದು, ತಪ್ಪೆಲ್ಲ ಹೆಣ್ಣಿನದೇ ಅಂತ ನಮ್ಮ ಹುಡುಗಿಯರಿಗೆ ಅನಿಸಬಾರದು ಅಲ್ವಾ? ಅದಕ್ಕೂ ಏನಾದರೂ ದಾರಿ ಹೇಳಿ. ಶನಿವಾರದೊಳಗೆ ತಿಳಿಸಿದರೆ ಉಪಕಾರ.